ಒಂದೇ ಗುಂಡಿಯ ಸ್ಟುಡಿಯೋ

ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಕಿರಿಯ ಕೆಲಸಗಾರ ಮಜ್ದಿ ಅಂಟಿಸಿದ ಚೀಟಿಯೇ ಅಂದಿನ ರಾದ್ಧಾಂತಕ್ಕೆಲ್ಲ ಮೂಲ. 'ಎಲ್ಲಕ್ಕೂ ಒಂದೇ ಗುಂಡಿ' ಎಂದು ಅದರಲ್ಲಿ ಬರೆದಿತ್ತು. ಓದಿದ ಹಿರಿಯ ಕೆಲಸಗಾರ ಬಸ್ಯೂನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಕ್ಯಾಮೆರಾದಿಂದ ಇಳಿಸಿದ ರಾ ಫೈಲೆಂದರೆ ಬೇಯಿಸದ ಅಕ್ಕಿ, ಹಾಗೇ ಬಡಿಸಲು ಬರುವುದಿಲ್ಲ. ತಾಂತಾ ಊರಿನ ಆ ಸ್ಟುಡಿಯೋದಲ್ಲಿ ಅದನ್ನು ಬೇಯಿಸುವ ಬಗೆಗೇ ದಿನವೂ ಜಗಳ. ಮಜ್ದಿ ಗುಂಡಿ ಒತ್ತಿದರೆ ಚಹಾ ಆರುವಷ್ಟರಲ್ಲಿ ನಾನೂರು ಚಿತ್ರ ಸಿದ್ಧ. ಮುಖಗಳೆಲ್ಲ ಸುಣ್ಣ, ಒಡವೆಗಳೆಲ್ಲ ಅರಿಸಿನ. ಬಸ್ಯೂನಿಗೋ ಒಂದೊಂದನ್ನೇ ತೆರೆದು, ಇದ್ದ ಬಣ್ಣವನ್ನು ಇದ್ದ ಹಾಗೆ ತೆಗೆಯುವ ಹಟ.

ಕೇಳಿ ಕೇಳಿ ಸಾಕಾದ ಮಾಲೀಕ ಹಾಜ್ ಷಿಹಾತಾ ತೀರ್ಪು ಕೊಟ್ಟುಬಿಟ್ಟ. ಹೊಸ ಮದುಮಗಳು ನಿಹಾಲಳ ಮದುವೆ ಚಿತ್ರ ನೋಡಲು ಮಧ್ಯಾಹ್ನ ಬೀಗರಿಬ್ಬರೂ ಬರುತ್ತಾರೆ. ಬಸ್ಯೂನಿಯ ಕೆಲಸಕ್ಕೆ ಒಂದೂ ತಕರಾರು ಬಾರದಿದ್ದರೆ ಇನ್ನು ಎಲ್ಲರದೂ ಅವನದೇ ದಾರಿ. ಬಂದರೆ ಅವನು ಬಾಯಿ ಮುಚ್ಚಿಕೊಂಡು ಗುಂಡಿ ಒತ್ತಬೇಕು.

ಬಸ್ಯೂನಿ ಹಲ್ಲು ಕಚ್ಚಿ ಕೂತ. ಆದರೆ ಕೂರಲು ಬಿಡಬೇಕಲ್ಲ! ಕೌಂಟರಿನ ಇಬ್ತಿಸಾಮ್ ಬಂದು ಹುಡುಗಿಯನ್ನು ಇನ್ನೊಂಚೂರು ಬೆಳ್ಳಗೆ ಮಾಡೆಂದಳು. ಪಕ್ಕದ ಇಸ್ತ್ರಿ ಅಂಗಡಿಯವನೂ ಇಣುಕಿ, ಮದುಮಗನ ಹೊಟ್ಟೆ ಕರಗಿಸಲು ಸಲಹೆ ಕೊಟ್ಟ. ಮಜ್ದಿ ಚಹಾ ಹೀರುತ್ತ, ಇನ್ನೆಷ್ಟು ಉಳಿದಿವೆ ಎಂದು ಗಳಿಗೆಗೊಮ್ಮೆ ವಿಚಾರಿಸಿದ.

"ನಿಮಗೆಲ್ಲ ಕಣ್ಣಿದೆ, ನೋಡೋಕೆ ಮಾತ್ರ ಬರಲ್ಲ," ಎಂದು ಬಸ್ಯೂನಿ ಗುರುಗುಟ್ಟಿದ.

ಮಧ್ಯಾಹ್ನ ನಿಹಾಲ್ ತನ್ನ ತಾಯಿ ಮತ್ತು ಅತ್ತೆ ಹಾಜಾ ಕರೀಮಾರ ನಡುವೆ ಬಂದು ಕುಳಿತಳು. ದೊಡ್ಡ ಪರದೆಯ ಮೇಲೆ ಚಿತ್ರಗಳು ಓಡಿದವು. ಮಗಳ ಗಲ್ಲದ ಮಚ್ಚೆಯೂ ಬಿಟ್ಟುಹೋಗಿಲ್ಲವೆಂದು ತಾಯಿ ಹಿಗ್ಗಿದಳು. ಬಸ್ಯೂನಿ ಮಜ್ದಿಯ ಕಡೆ ತಿರುಗಿ ಮೀಸೆ ತಿರುವಿದ.

ಅಷ್ಟರಲ್ಲಿ ಮದುಮಗಳ ಕೈ ಪರದೆ ತುಂಬಿತು. ಗಂಡಿನ ಕಡೆಯವರು ತೊಡಿಸಿದ ಏಳು ಬಳೆ. ಮದುವೆ ಮುಗಿದ ಕೂಡಲೇ ಅವು ಜೋಪಾನದ ನೆಪದಲ್ಲಿ ಕರೀಮಾಳ ಬೀರು ಸೇರಿದ್ದವು. ತಾಯಿ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋದಳು. ಮೂರು ಬಳೆ ಅಪ್ಪಟ ಹಳದಿ. ನಾಲ್ಕು, ತಾಮ್ರದ ಪಾತ್ರೆಯ ಹಾಗೆ ಕೆಂಪಗೆ.

"ಒಂದೇ ಅಂಗಡಿ ಚಿನ್ನಕ್ಕೆ ಎರಡು ಬಣ್ಣ ಹೇಗಮ್ಮಾ ಬಂತು?" ಎಂದಳು.

ಕರೀಮಾಳಿಗೆ ಕೆಮ್ಮು ಹತ್ತಿಕೊಂಡಿತು.

"ಚಿನ್ನದ ಮುಲಾಮು ಹಚ್ಚಿದ ತಾಮ್ರದ ಬಳೆ ತೊಡಿಸಿ ನನ್ನ ಮಗಳನ್ನ ಕರ್ಕೊಂಡ್ಹೋದ್ರಾ? ಏಳೇ ನಿಹಾಲ್, ಮನೆಗೆ ಹೋಗೋಣ. ನಮ್ಮನೆಗೆ."

ನಿಹಾಲಳ ಮುಖ ಬಿಳಿಚಿತು. ಬಳೆಯ ಸಂಗತಿ ಅವಳಿಗೆ ಮೊದಲೇ ಗೊತ್ತಿತ್ತೆಂಬುದು ಬಸ್ಯೂನಿಗೆ ಹೊಳೆಯಿತು. ಅವಳು ಅವನನ್ನೇ ನೋಡಿದಳು.

"ಅಣ್ಣಾ, ಇದು ಫೋಟೋದ ತಪ್ಪಲ್ವಾ? ಬಣ್ಣ ಹಾಕುವಾಗ ನಿಮ್ಮ ಕೈ ತಪ್ಪಿದೆ, ಅಲ್ವಾ?"

ಬಸ್ಯೂನಿಗೆ ಸಿಟ್ಟು ಉಕ್ಕಿತು. ಕರೀಮಾಳ ಮೇಲೆ, ಮಜ್ದಿಯ ಮೇಲೆ, ಅತ್ತು ಕರೆಯದೆ ಬೇಡುತ್ತಿದ್ದ ಆ ಹುಡುಗಿಯ ಮೇಲೂ. ಬೆಳಗಿನಿಂದ ಒಂದು ಕಡೆಯೂ ತಪ್ಪದ ಕೈ ಅದು.

"ಹೌದಮ್ಮಾ," ಎಂದ. "ನಂದೇ ತಪ್ಪು. ಬಣ್ಣ ಕೆಡಿಸಿಬಿಟ್ಟೆ."

ಮಜ್ದಿಯ ಗುಂಡಿ ಒತ್ತೆಂದು ಹಾಜ್ ಷಿಹಾತಾ ಚೀಟಿಯತ್ತ ಬೆರಳು ತೋರಿಸಿದ. ಬಸ್ಯೂನಿ ತಾನೇ ಗುಂಡಿ ಒತ್ತಿದ. ಏಳೂ ಬಳೆ ಒಂದೇ ಅರಿಸಿನದಲ್ಲಿ ಮುಳುಗೆದ್ದವು. ತಾಯಿ ಕನ್ನಡಕ ತೆಗೆದು, ಬೆವರು ಒರೆಸಿಕೊಂಡು, ಬೀಗಿತಿಯ ಕೈ ಹಿಡಿದು ಕ್ಷಮೆ ಕೇಳಿದಳು. ಆಮೇಲೆ ಬಸ್ಯೂನಿಯ ಕಡೆ ತಿರುಗಿದಳು.

"ಇದು ನೋಡಪ್ಪಾ, ನಿಜವಾದ ಬಣ್ಣ. ಬಾರದಿದ್ರೆ ಆ ಹುಡುಗನ ಹತ್ರ ಕಲಿತ್ಕೋಬಾರ್ದಾ?"