ಮೊದಲು ಮೈನಸ್, ಆಮೇಲೆ ಪ್ಲಸ್

ಮೂವತ್ತೊಂದು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಆ ಶನಿವಾರ ಬೆಳಿಗ್ಗೆ ಸ್ವಂತ ಕಾರೇ ಕೈಕೊಟ್ಟಿತು. ಕೀಲಿ ತಿರುಗಿಸಿದರೆ ‘ಟಿಕ್’ ಎಂದೊಂದು ನಿಟ್ಟುಸಿರು, ಅಷ್ಟೇ. ಬೇರೆಯವರಾಗಿದ್ದರೆ ಮೆಕ್ಯಾನಿಕ್ಕಿಗೆ ಫೋನು ಮಾಡುತ್ತಿದ್ದರು. ಮೇಷ್ಟ್ರು ಪಕ್ಕದ ಬೀದಿಯ ಅಂಗಡಿಯಿಂದ ಹೊಸ ಬ್ಯಾಟರಿಯನ್ನು ಕೂಸಿನಂತೆ ಅವುಚಿಕೊಂಡು ಏದುಸಿರು ಬಿಡುತ್ತಾ ಬಂದರು.

“ನಾನೇ ಹಾಕ್ತೀನಿ.”

“ಬೇಡ್ರೀ,” ಎಂದಳು ಹೆಂಡತಿ. “ಬಲ್ಬ್ ಹಾಕೋಕೆ ಹೋಗಿ ಹೋಲ್ಡರನ್ನೇ ಕಿತ್ಕೊಂಡು ಇಳಿದೋರು ನೀವು.”

“ಅದು ಹೋಲ್ಡರಿನ ತಪ್ಪು!”

“ಹಾಗಾದ್ರೆ ಪಂದ್ಯ. ನಿಮ್ಮ ಕೈಯಿಂದ ಗಾಡಿ ಸ್ಟಾರ್ಟ್ ಆದ್ರೆ ಇನ್ಮೇಲೆ ಸೊಲ್ಲೆತ್ತಲ್ಲ. ಆಗ್ಲಿಲ್ವೋ, ಡ್ರೈವರ್ ಸೀಟು ನಂದು.”

ಇಡೀ ಸಂಸಾರದಲ್ಲಿ ಮೇಷ್ಟ್ರ ಮಾತು ನಡೆಯುವ ಜಾಗವೆಂದರೆ ಆ ಸೀಟೊಂದೇ. (ಅಡುಗೆಯಿಂದ ಹಿಡಿದು ಕಿಟಕಿ ಪರದೆಯ ಬಣ್ಣದವರೆಗೆ ಉಳಿದ ಖಾತೆಗಳೆಲ್ಲ ಆಕೆಯವು.) ಕಳೆದ ವರ್ಷ ಆಕೆ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಾಗಲೂ ‘ರಸ್ತೆ ಸರಿಯಿಲ್ಲ’ ಎಂದು ಅವರು ಕೀಲಿ ಕೊಟ್ಟಿರಲಿಲ್ಲ. ಈಗ ಹಿಂದೆ ಸರಿದರೆ ಮಾನ ಉಳಿಯುವುದಿಲ್ಲ. ಒಪ್ಪಿಕೊಂಡರು. ಹೊಸ ಕನ್ನಡಕ ತರಲು ಸಿಂಗರಿಸಿಕೊಂಡು ನಿಂತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ತೀರ್ಪುಗಾರರಾದರು.

ಕಾಲು ಗಂಟೆಯಲ್ಲಿ ಮೇಷ್ಟ್ರು ಸರ್ವಾಯುಧಭೂಷಿತರಾಗಿ ದರ್ಶನ ಕೊಟ್ಟರು. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು, ಕಣ್ಣಿಗೆ ಮೊಮ್ಮಗಳ ಗುಲಾಬಿ ಈಜುಗನ್ನಡಕ.

“ಅಳಿಯಂದಿರು ಬಾವಿಗೆ ಇಳೀತಾರೇನೇ?” ಎಂದರು ಅತ್ತೆ.

“ಸುರಕ್ಷತೆ! ಒಳಗೆ ಆಸಿಡ್ ಇರತ್ತೆ. ಮೈಮೇಲೆ ಲೋಹ ಇರಲೇಬಾರದು, ಉಂಗುರ ತಾಗಿದ್ರೆ ಬೆರಳೇ ಸುಡತ್ತೆ,” ಎಂದು ಮೇಷ್ಟ್ರು ಉಂಗುರ, ವಾಚು, ಬೆಲ್ಟು, ಕಾರಿನ ಕೀಲಿ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ, ಕಳೆದುಹೋಗದಿರಲೆಂದು ಡ್ರೈವರ್ ಸೀಟಿನ ಮೇಲಿಟ್ಟು ಬಾಗಿಲು ಹಾಕಿದರು. ಬೆಲ್ಟು ಹೋದ ಮೇಲೆ ಪ್ಯಾಂಟು ನಾನೇಕಿರಲಿ ಎಂದಿತು. ಹೆಂಡತಿ ಬಟ್ಟೆ ಒಣಹಾಕುವ ಹಗ್ಗ ತಂದು ಸೊಂಟಕ್ಕೆ ಬಿಗಿದಳು.

“ಗಮನ ಇಟ್ಟು ಕೇಳಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಎಲ್ಲಿ, ಹೇಳಿ?”

“ಬೇಗ ಮಾಡ್ರೀ, ಮಧ್ಯಾಹ್ನಕ್ಕೆ ಕನ್ನಡಕದ ಅಂಗಡಿ ಮುಚ್ತಾರೆ!” ಎಂದಳು ಹೆಂಡತಿ.

ನಿಜ ಹೇಳಬೇಕೆಂದರೆ ಮೇಷ್ಟ್ರು ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದರು. ಮೈನಸ್ ತಂತಿ ಬಿಚ್ಚಿ ದೂರ ಸರಿಸಿದರು, ಪ್ಲಸ್ ಬಿಚ್ಚಿದರು, ಹಳೆಯದನ್ನು ಓರೆಯಾಗದಂತೆ ಎತ್ತಿಟ್ಟರು, ತುಕ್ಕು ಉಜ್ಜಿದರು, ಹೊಸದನ್ನು ಕೂರಿಸಿ ಪ್ಲಸ್ ಬಿಗಿದರು. ಒಂದು ಕಿಡಿ ಹಾರಲಿಲ್ಲ. ಕೊನೆಗೆ ಉಸಿರು ಬಿಗಿಹಿಡಿದು ಮೈನಸ್ ತಗುಲಿಸಿ ತಿರುಪು ಬಿಗಿದರು. ಕಾರಿನ ಒಳಗಿನ ದೀಪ ಫಳ್ಳನೆ ಹೊತ್ತಿತು.

“ಬಂತು! ಬೆಳಕು ಬಂತು!” ಮೇಷ್ಟ್ರು ಗಂಬೂಟಿನಲ್ಲೇ ಕುಣಿದರು.

ಅಷ್ಟರಲ್ಲಿ ಕಾರು ‘ಟಕ್’ ಎಂದಿತು. ವಿದ್ಯುತ್ ಬಂದ ಖುಷಿಗೆ ಅದರ ನಾಲ್ಕೂ ಬಾಗಿಲು ತಾವಾಗಿ ಲಾಕಾಗಿದ್ದವು. ಕೀಲಿ ಒಳಗೆ, ಡಬ್ಬಿಯಲ್ಲಿ, ಪರಮ ಸುರಕ್ಷಿತವಾಗಿತ್ತು.

ಮೇಷ್ಟ್ರು ಗಾಜಿಗೆ ಮೂಗು ಒತ್ತಿ ನೋಡಿದರು. ಬಾಗಿಲು ಎಳೆದರು, ಬೇಡಿಕೊಂಡರು. ಕಾರು ಜಪ್ಪಯ್ಯ ಅನ್ನಲಿಲ್ಲ.

ಹೆಂಡತಿ ಕೈಚೀಲಕ್ಕೆ ಕೈಹಾಕಿ ಇನ್ನೊಂದು ಕೀಲಿ ತೆಗೆದಳು. ಬಾಗಿಲು ತೆರೆದು, ಡಬ್ಬಿಯನ್ನು ಗಂಡನ ಕೈಗಿತ್ತು, ಸೀಟು ಹತ್ತಿ ಕೀಲಿ ತಿರುಗಿಸಿದಳು. ಕಾರು ಒಂದೇ ಏಟಿಗೆ ಗುರ್ರೆಂದಿತು.

“ಯಾರ ಕೈಯಿಂದ ಸ್ಟಾರ್ಟ್ ಆಯ್ತು?”

“ಅದು ಬೀರುವಿನಲ್ಲಿರಬೇಕಾದ ಕೀಲಿ!” ಎಂದು ಮೇಷ್ಟ್ರು ತೊದಲಿದರು. “ನಿನ್ನ ಚೀಲಕ್ಕೆ ಹೇಗೆ ಬಂತು?”

ಆಕೆ ಕನ್ನಡಿ ಸರಿಮಾಡಿಕೊಳ್ಳುವುದರಲ್ಲಿ ಮಗ್ನಳಾಗಿದ್ದಳು. ಉತ್ತರ ಹಿಂದಿನ ಸೀಟಿಗೆ ಸಲೀಸಾಗಿ ಹತ್ತಿ ಕುಳಿತ ಅತ್ತೆಯಿಂದ ಬಂತು.

“ಈ ಸಲವಾದ್ರೂ ಇಳಿಯೋವಾಗ ಆ ಒಳಗಿನ ಲೈಟು ಆರಿಸೇ ತಾಯಿ. ಮೊನ್ನೆ ಅಳಿಯಂದಿರು ಗೊರಕೆ ಹೊಡೀತಿದ್ದಾಗ ಕೆರೆ ಕಡೆ ಸುತ್ತಿ ಬಂದ್ವಲ್ಲ, ಆವತ್ತು ನೀನು ಮರೆತಿದ್ದಕ್ಕೇ ಪಾಪ, ಇವರು ಇಷ್ಟೆಲ್ಲ ವೇಷ ಕಟ್ಬೇಕಾಯ್ತು!”