ಬೆಂಕಿ ಹಚ್ಚುವ ಮಾವ

ನಮ್ಮ ಸೋದರಮಾವ ಬದುಕಿನುದ್ದಕ್ಕೂ ಬೆಂಕಿ ಹಚ್ಚಿಯೇ ಸಂಬಳ ತೆಗೆದುಕೊಂಡವರು! ಗಾಬರಿಯಾಗಬೇಡಿ, ಅವರು ವಿಜ್ಞಾನಿ. ರಾಕೆಟ್ಟಿನ ಹೊಟ್ಟೆಯಲ್ಲಿ ಇಂಧನ ಹೇಗೆ ಉರಿಯಬೇಕು, ಉರಿದು ರಾಕೆಟ್ಟನ್ನು ಎಷ್ಟು ಜೋರಾಗಿ ತಳ್ಳಬೇಕು ಎಂದು ಕಂಡುಹಿಡಿಯುವುದೇ ಅವರ ಕಸುಬು. ಆದರೆ ಇದನ್ನೆಲ್ಲ ಬಿಡಿಸಿ ಹೇಳುವ ವ್ಯವಧಾನ ಅವರಿಗೆಲ್ಲಿ? ತೊಂಬತ್ತರ ದಶಕದ ಆರಂಭದಲ್ಲಿ ಮುಂಡಗೋಡಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಏನ್ ಕೆಲಸಾ ಮಾಡ್ತೀರಿ?" ಎಂದರು.

"ಬೆಂಕಿ ಹಚ್ಚತೇನ್ರಿ."

ಬರುತ್ತಿದ್ದ ಅವಲಕ್ಕಿ ತಟ್ಟೆ ಬಾಗಿಲಲ್ಲೇ ನಿಂತಿತು! ಒಳಗಿನಿಂದ ಕಿಸಕ್ಕನೆ ನಕ್ಕ ಹುಡುಗಿಯೇ ಮುಂದೆ ನಮಗೆ ಅತ್ತೆಯಾದಳು.

ರಜೆಗೆ ನಮ್ಮೂರು ಹಳಿಯಾಳಕ್ಕೆ ಬಂದರೂ ಮಾವನಿಗೆ ಬಿಡುವಿಲ್ಲ. ಒಮ್ಮೆ ಮಾವನೂ ನಾನೂ ದಾಂಡೇಲಿಗೆ ಹೊರಟಿದ್ದ ಬಸ್ಸು ಏರಿನಲ್ಲಿ ಕಪ್ಪು ಹೊಗೆ ಉಗುಳಿ ನಿಂತಿತು. ಮಾವ ಇಳಿದವರೇ ಡ್ರೈವರನ ಕಿಟಕಿಯ ಕೆಳಗೆ ನಿಂತು, "ಡೀಸೆಲ್ ಪೂರ್ತಾ ಉರ್ಯಾಕತ್ತಿಲ್ಲ ನೋಡ್ರಿ, ಗಾಳಿ ಸಾಲವಲ್ದು" ಎಂದು ಪಾಠ ಶುರು ಮಾಡಿದರು. ಡ್ರೈವರ್ "ಹೌದ್ರಿ ಸರ" ಎನ್ನುತ್ತಲೇ ಬಸ್ಸು ಎಬ್ಬಿಸಿ ಹೊರಟೇಬಿಟ್ಟ! ಹಿಂದಿನ ಗಾಜಿನಿಂದ ನೋಡುತ್ತೇನೆ, ಮಾವ ಕೈ ಮಾಡುತ್ತಲೂ ಇಲ್ಲ, ಓಡುತ್ತಲೂ ಇಲ್ಲ. ಹೊಗೆಯ ಬಣ್ಣ ನೋಡುತ್ತ ನಿಂತಿದ್ದಾರೆ!

ಇನ್ನು ಅಜ್ಜಿಯ ಒಲೆ. ಹೊಗೆಗೆ ತಾಯಿ ಕೆಮ್ಮುತ್ತಾಳೆಂದು ಮಾವ ಮೂರು ದಿನ ಮಣ್ಣು ಕಲಸಿ, ಗಾಳಿಗೊಂದು ಕೊಳವೆ ಇಟ್ಟು ಹೊಸ ಒಲೆ ಕಟ್ಟಿದರು. ಹೊಗೆ ಹೋಯಿತು, ಸುಳ್ಳಲ್ಲ. ಉರಿ ಮಾತ್ರ ಭುಸ್ಸೆಂದು ಎದ್ದು ಮೊದಲ ರೊಟ್ಟಿಯನ್ನು ಇದ್ದಿಲು ಮಾಡಿತು.

"ಇದರ ಮ್ಯಾಲ ರೊಟ್ಟಿ ಬೇಯಸೂದೋ, ಚಂದ್ರಲೋಕಕ್ಕ ಕಳಸೂದೋ?" ಎಂದಳು ಅಜ್ಜಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಧ್ಯಾಹ್ನ ಮಾವ ಹೇಳದೆ ಕೇಳದೆ ಬಂದಿಳಿದರು. ಅವರು ಎಂಟು ವರ್ಷ ದುಡಿದು ಕಟ್ಟಿದ್ದ ರಾಕೆಟ್ ಎಂಜಿನ್ನು ಪರೀಕ್ಷೆಯಲ್ಲೇ ಸಿಡಿದಿತ್ತು. ಮೇಲಧಿಕಾರಿಗಳು ಯಾಕೆ ಸಿಡಿಯಿತೆಂದು ಕೇಳಿದ್ದರಂತೆ. ನಮ್ಮ ಓಣಿಯವರೂ ಬಂದು ಅದನ್ನೇ ಕೇಳಿದರು. ಮಾವ ಪಡಸಾಲೆಯ ಕಂಬಕ್ಕೊರಗಿ ಕುಳಿತರು.

ಎಲ್ಲರೂ ಹೋದ ಮೇಲೆ ಅಜ್ಜಿ ಪಕ್ಕದಲ್ಲಿ ಕುಳಿತಳು. "ಅಲ್ಲಿದ್ದ ಮಂದಿಗೆ ಏನರ ಆತೇನಪಾ?"

"ಇಲ್ಲಬೇ. ಎಲ್ಲಾರೂ ಆರಾಮ ಅದಾರ."

"ನಿನಗ?"

ನಲವತ್ತು ದಾಟಿದ ಆ ಮನುಷ್ಯ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಜ್ಜಿ ಅವರ ಬೆನ್ನು ಸವರುತ್ತ, "ಅಳಪಾ. ಆಮ್ಯಾಲೆ ಉಣ್ಣೂಣು" ಎಂದಳು.