ಖಾಲಿ ಗಡಿಗೆ

ಬಿಟ್ಟ ಸ್ಥಳ ತುಂಬುವುದರಲ್ಲಿ ಮಶಾಕಸಾಬ ಮಾಸ್ತರರನ್ನು ಮೀರಿಸುವವರು ಬಸವನ ಬಾಗೇವಾಡಿಯಿಂದ ಸಿಂದಗಿಯವರೆಗೆ ಇನ್ನೂ ಹುಟ್ಟಿಲ್ಲ. ಹಾಗೆಂದು ಖುದ್ದು ಮಾಸ್ತರರೇ ಹೇಳುತ್ತಾರೆ! ಪರೀಕ್ಷೆಗೆ ಓದುವ ಹುಡುಗರಿಗೆ ಅವರ ಉಪದೇಶ ಒಂದೇ: "ನಾಲ್ಕರಾಗ ಮೂರು ಹೊಡದ್ ಹಾಕ್ರಿ, ಉಳದದ್ದ ಉತ್ತರ. ಖಾಲಿ ಮಾತ್ರ ಬಿಡಬ್ಯಾಡ್ರಿ."

ಆದರೆ ತವರೂರು ಕೊಲ್ಹಾರದಲ್ಲಿ ತನ್ನ ತಾಯಿಯ ಮಣ್ಣು ಮುಗಿಸಿ ಬಂದಾಗಿನಿಂದ ಹೆಂಡತಿ ಕೌಸರ ಸರಿಯಾಗಿ ಮಾತಾಡಿರಲಿಲ್ಲ. ಅತ್ತಿರಲೂ ಇಲ್ಲ. ಇವತ್ತು ಅವಳ ದುಃಖವನ್ನು ಹೊರಗೆ ತಂದೇ ಸೈ ಎಂದು ಮಾಸ್ತರರು ತೋಳೇರಿಸಿದರು.

"ಅವ್ವ ಹ್ವಾದಮ್ಯಾಲ ನನಗ..." ಎಂದು ಅವಳೇ ಶುರು ಮಾಡಿದಳು.

"ಬ್ಯಾಸರ," ಎಂದರು ಮಾಸ್ತರರು.

"ಅಲ್ರಿ."

"ಅಂಜಿಕಿ? ತಳಮಳ? ಸಂಕಟ?"

ಕೌಸರ ಎದ್ದು ಹಾಲು ತರಲು ಹೊರಟುಹೋದಳು.

ಅಷ್ಟರಲ್ಲಿ ನೆರೆಮನೆಯ ಇಬ್ರಾಹಿಂಸಾಬ ಮಾತಾಡಿಸಲು ಬಂದರು. "ನಿಮ್ಮ ಅತ್ತಿಯವರ ಕೈಯಾಂದು ಎಂಥಾ..."

"ಬರ್ಕತ್ತು."

"ಮೊಸರು ಅನ್ನಾಂವಿದ್ದೆ, ಮಾಸ್ತರ."

ಮೊಸರು! ಮಾಸ್ತರರ ತಲೆಯಲ್ಲಿ ದೀಪ ಹತ್ತಿತು. ಪ್ರತಿ ವಾರ ಕೊಲ್ಹಾರದ ಬಸ್ಸಿಗೆ ಅತ್ತೆಯ ಮೊಸರಿನ ಗಡಿಗೆ ಬರುತ್ತಿತ್ತು, ಖಾಲಿ ಗಡಿಗೆ ವಾಪಸ್ ಹೋಗುತ್ತಿತ್ತು. ಕೊನೆಯ ಗಡಿಗೆ ಇನ್ನೂ ಫ್ರಿಜ್ಜಿನಲ್ಲೇ ಇತ್ತು, ತಳದಲ್ಲಿ ಚೂರೇ ಚೂರು ಮೊಸರು ಅಂಟಿಕೊಂಡು. ಬಿಟ್ಟ ಸ್ಥಳವೆಂದರೆ ಇದೇ ಎಂದುಕೊಂಡ ಮಾಸ್ತರರು ಇಬ್ರಾಹಿಂಸಾಬರನ್ನು ಕಳಿಸಿಕೊಟ್ಟು ಗಡಿಗೆಯನ್ನು ತಿಕ್ಕಿ ತಿಕ್ಕಿ ತೊಳೆದರು. ಅಂಗಡಿಯಿಂದ ಮೊಸರಿನ ಪಾಕೀಟು ತಂದು ಕಂಠಮಟ ತುಂಬಿದರು. ಆಮೇಲೆ ಶಹಬ್ಬಾಸ್‌ಗಿರಿಗೆ ಕಾಯುತ್ತ ಕೂತರು.

ಕೌಸರ ಬಂದು ಹಾಲು ಕಾಯಿಸಿ, ಆರಲು ಬಿಟ್ಟು, ಫ್ರಿಜ್ ತೆರೆದಳು.

"ಇದನ್ನ ತೊಳದ್ರೇನು?"

"ಚಲೋತಂಗ ತಿಕ್ಕೇನಿ. ತುಂಬಿ ಇಟ್ಟೇನಿ, ನೋಡು."

"ತಳದಾಗ ಒಂದ್ ಚಮಚ ಉಳಿಸಿದ್ದೆ. ಅದರಲೆ ಹೆಪ್ಪು ಹಾಕಿದ್ರ, ಅವ್ವನ ಮೊಸರು ನಮ್ಮ ಮನ್ಯಾಗ ದಿನಾ..."

"ಇರತಿತ್ತು," ಎಂದರು ಮಾಸ್ತರರು.

ಅವತ್ತಿನ ಮೊದಲ ಸರಿಯುತ್ತರ ಅದು. ಕೌಸರ ಅಲ್ಲೇ ನೆಲಕ್ಕೆ ಕುಳಿತು, ಗಡಿಗೆಯನ್ನು ಎದೆಗವಚಿಕೊಂಡು ಅತ್ತಳು. ಬೆಳಗಿನಿಂದ ಮಾಸ್ತರರು ಬಯಸಿದ್ದು ಇದೇ ಅಳು. ಈಗ ಅದನ್ನು ಅವರಿಂದ ಕೇಳಲಾಗಲಿಲ್ಲ.

"ನಂದ ತಪ್ಪಾತು, ಕೌಸರ. ನನಗ... ನಾ..."

ನಾಲ್ಕು ಹೋಗಲಿ, ಒಂದು ಪದವೂ ಹೊಳೆಯಲಿಲ್ಲ. ಅವರು ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತರು.

ಕೌಸರ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇರ್ಲಿ ಬಿಡ್ರಿ ಮಾಸ್ತರ," ಎಂದಳು. "ಒಂದೊಂದು ಖಾಲಿನ ಬಿಡಬೇಕಾಕೈತಿ."